ದೇವಾಲಯವೋ, ಸಭೆಯೋ? ಪ್ರಾಚೀನ ಗ್ರೀಕರ ಕಲೆ, ಸಂಗೀತ, ವಾಸ್ತು ಮತ್ತು ಕಲಬುರಗಿ ಸೀಮೆಯ ಆರಾಧನಾ ಮಂದಿರ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ಈ ಸೀಮೆಯ ಒಂದು ಹಳ್ಳಿಯ ಸಭೆಯವರು ಹಳೆಯ ಪ್ರಾರ್ಥನಾ ಮನೆಯನ್ನು ಇಳಿಸಿ ಹೊಸ ಮಂದಿರ ಕಟ್ಟಲು ಸಿದ್ಧಪಡಿಸಿದ ನಕ್ಷೆಯನ್ನು ನಮ್ಮ ಮುಂದೆ ಹರಡಿದ್ದರು. ಮುಂಭಾಗದಲ್ಲಿ ನಾಲ್ಕು ದುಂಡು ಕಂಬಗಳು, ಅವುಗಳ ತಲೆಯ ಮೇಲೆ ಸಿಮೆಂಟಿನ ಎಲೆಗಳು, ಅದರ ಮೇಲೊಂದು ತ್ರಿಕೋನ. ಕೂಡಿಸಿದ ಹಣದ ದೊಡ್ಡ ಪಾಲು ಆ ಮುಖಮಂಟಪಕ್ಕೆ ಹೋಗುತ್ತಿತ್ತು. ಜನರು ಕೂಡುವ ಒಳಜಾಗ ಹಳೆಯದಕ್ಕಿಂತ ಹೆಚ್ಚೇನೂ ದೊಡ್ಡದಿರಲಿಲ್ಲ. ಕಂಬಗಳು ಏತಕ್ಕೆಂದು ಕೇಳಿದಾಗ ಹಿರಿಯರೊಬ್ಬರು, “ಕಂಬ ಇಲ್ಲಂದ್ರ ಅದು ಚರ್ಚ್ ಅಂತ ಮಂದಿಗೆ ಹ್ಯಾಂಗ ತಿಳೀಬೇಕ್ರೀ, ಅಯ್ಯನೋರ?” ಎಂದರು. ಅದೇ ಸಂಜೆ ಒಬ್ಬ ತರುಣನು ಪ್ರತಿಷ್ಠೆಯ ದಿನ ಹಲಗೆ ಬಾರಿಸಬಹುದೇ ಎಂದು ಕೇಳಿದನು. ಅದು ಜಾತ್ರೆಯ ವಾದ್ಯ, ಆರಾಧನೆಗೆ ಸಲ್ಲದು ಎಂದು ಅವನನ್ನು ಕೂಡಲೇ ಸುಮ್ಮನಾಗಿಸಲಾಯಿತು.

ಕಂಬ ಸಲ್ಲುತ್ತದೆ, ಹಲಗೆ ಸಲ್ಲದು. ಈ ತೀರ್ಪು ಎಲ್ಲಿಂದ ಬಂತು? ಆ ಎಲೆಗಂಬ ಕ್ರೈಸ್ತರು ಕಂಡುಹಿಡಿದದ್ದಲ್ಲ. ಅನ್ಯದೇವತೆಗಳ ಗುಡಿಗಳಿಗಾಗಿ ಗ್ರೀಕರು ಕಡೆದದ್ದು. ಒಂದು ಸಂಸ್ಕೃತಿಯ ಕಲೆಯಲ್ಲಿ ಯಾವುದನ್ನು ಸ್ವೀಕರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ಆದಿಸಭೆಯು ಮೊದಲು ಎದುರಿಸಿದ್ದು ಗ್ರೀಕ್ ಲೋಕದಲ್ಲಿ. ಆ ಚರಿತ್ರೆಯನ್ನು ನಮ್ಮ ಸೀಮೆಯ ಕಲ್ಲು, ಕಟ್ಟಡ, ಹಾಡುಗಳ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಎರಡು ಶಿಲಾಶಾಸನಗಳು

ಗ್ರೀಕ್ ಸಂಸ್ಕೃತಿಯು ಕಲಬುರಗಿಗೆ ತೀರ ದೂರದ ವಿಷಯವೆಂದು ಎಣಿಸುವವರು ಭೀಮಾತೀರದ ಸನ್ನತಿಯನ್ನು ನೆನೆಯಬೇಕು. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೊಂದರ ಮೇಲೆ ಅಶೋಕನ ಶಾಸನಗಳಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂತು. ಅವುಗಳಲ್ಲಿ ಒಂದು 12ನೆಯ ಬಂಡೆ ಶಾಸನ. ತನ್ನ ಮತವನ್ನು ಹೊಗಳುವಾಗಲೂ ಪರಮತವನ್ನು ಕುರಿತು ಮಾತನಾಡುವಾಗಲೂ ನಾಲಿಗೆಯನ್ನು ಹಿಡಿತದಲ್ಲಿಡಬೇಕು, ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಿ ತಿಳಿಯಬೇಕು ಎಂಬುದು ಅದರ ಸಾರ. ಇದೇ 12ನೆಯ ಶಾಸನದ ಕೊನೆಯ ಭಾಗವು ಗ್ರೀಕ್ ಭಾಷೆಯಲ್ಲಿ, ಅಫ್ಘಾನಿಸ್ತಾನದ ಕಂದಹಾರದಲ್ಲಿ 1963ರಲ್ಲಿ ದೊರಕಿತು. ಕ್ರಿ.ಪೂ. 3ನೆಯ ಶತಮಾನದಲ್ಲಿ ಒಬ್ಬನೇ ಅರಸನ ಒಂದೇ ಮಾತು ಭೀಮೆಯ ದಡದಲ್ಲಿ ಪ್ರಾಕೃತದಲ್ಲಿಯೂ ಕಂದಹಾರದಲ್ಲಿ ಗ್ರೀಕಿನಲ್ಲಿಯೂ ಓದಲ್ಪಡುತ್ತಿತ್ತು.

ಗ್ರೀಕ್ ಅನುವಾದಕನು ‘ಧಮ್ಮ’ ಎಂಬುದಕ್ಕೆ ಆರಿಸಿಕೊಂಡ ಪದ ‘ಯೂಸೆಬೆಯ’. ನಾಲಿಗೆಯ ಹಿಡಿತಕ್ಕೆ ಅವನು ಬಳಸಿದ್ದು ‘ಎಂಕ್ರಾತೆಯ’ ಎಂಬ ಪದದ ಬಳಗವನ್ನು. ಮುಂದೆ ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಪತ್ರಿಕೆಗಳಲ್ಲಿ ‘ಯೂಸೆಬೆಯ’ ಬರುತ್ತದೆ. ಅದನ್ನು ನಾವು ಕನ್ನಡದಲ್ಲಿ ದೇವಭಕ್ತಿ ಎಂದು ಓದುತ್ತೇವೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಆತ್ಮನ ಫಲಗಳ ಸಾಲಿನ ಕೊನೆಯಲ್ಲಿ ‘ಎಂಕ್ರಾತೆಯ’ ಇದೆ. ಅದು ನಮ್ಮ ಹಳೆಯ ಅನುವಾದದ ಶಮೆದಮೆ. ಬೌದ್ಧನಾದ ಅರಸನ ಧರ್ಮವನ್ನು ಹೊತ್ತ ಪದಗಳನ್ನೇ ಅಪೊಸ್ತಲ ಯುಗವು ಸುವಾರ್ತೆಯ ಸೇವೆಗೆ ತೆಗೆದುಕೊಂಡಿತು. ಪದದ ವಿಷಯದಲ್ಲಿ ನಡೆದ ಈ ಕಾರ್ಯವು ಕಂಬ, ಚಿತ್ರ, ರಾಗಗಳ ವಿಷಯದಲ್ಲಿಯೂ ನಡೆಯಿತೇ ಎಂಬುದು ನಮ್ಮ ಮುಂದಿನ ವಿಚಾರ.

ಕಂಬ: ಹೊರಗಿನ ನೋಟ, ಒಳಗಿನ ಕೂಟ

ಗ್ರೀಕರ ಗುಡಿಗೆ ‘ನಾವೋಸ್’ ಎಂದು ಹೆಸರು. ವಾಸಿಸು ಎಂಬ ಧಾತುವಿನಿಂದ ಬಂದ ಪದ. ದೇವತೆಯ ಮನೆ ಎಂದೇ ಅದರ ಅರ್ಥ. ಅಥೇನೆಯ ಪಾರ್ಥೆನಾನ್ ಕ್ರಿ.ಪೂ. 447ರಿಂದ 432ರವರೆಗೆ ನಿರ್ಮಾಣವಾಯಿತು. ಎದುರಿಗೆ ಎಂಟು, ಬದಿಗೆ ಹದಿನೇಳು ಕಂಬಗಳು. ಒಳಗೆ ಫಿದಿಯಾಸನು ಚಿನ್ನ ಮತ್ತು ದಂತಗಳಲ್ಲಿ ನಿರ್ಮಿಸಿದ ಅಥೇನಾ ದೇವಿಯ ವಿಗ್ರಹ. ಆದರೆ ಭಕ್ತಜನರು ಒಳಗೆ ಸೇರಿ ಆರಾಧಿಸುವ ಸ್ಥಳವಾಗಿ ಗ್ರೀಕರು ಗುಡಿಯನ್ನು ಕಟ್ಟಲಿಲ್ಲ. ಬಲಿಪೀಠವಿದ್ದದ್ದು ಹೊರಗೆ, ಬಯಲಿನಲ್ಲಿ. ಜನರು ನಿಂತದ್ದೂ ಅಲ್ಲಿಯೇ. ಆದ್ದರಿಂದ ಶಿಲ್ಪಿಯ ಚಾತುರ್ಯವೆಲ್ಲ ಹೊರಮೈಗೆ ಸಂದಿತು.

ಕಂಬಗಳ ದಟ್ಟಣೆಗೆ ಇನ್ನೊಂದು ಕಾರಣ ಕಲ್ಲಿನ ಸ್ವಭಾವ. ಕಲ್ಲು ಮೇಲಿನ ಭಾರವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎರಡು ಕಂಬಗಳ ಮೇಲಿಟ್ಟ ತೊಲೆ ಉದ್ದವಾದಷ್ಟೂ ನಡುವೆ ಬಿರಿಯುವ ಭಯ ಹೆಚ್ಚು; ಆದುದರಿಂದ ಕಂಬಗಳು ಹತ್ತಿರ ಹತ್ತಿರ ಬರಬೇಕು. ಇದೇ ವಿಧಾನವನ್ನು ನಮ್ಮ ಕಲ್ಯಾಣ ಚಾಲುಕ್ಯರ ಶಿಲ್ಪಿಗಳೂ ಅನುಸರಿಸಿದರು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿರುವ ಅರವತ್ತು ಕಂಬದ ಗುಡಿಯಲ್ಲಿ ನಿಂತವರಿಗೆ ಇದು ಕಣ್ಣಾರೆ ತಿಳಿಯುತ್ತದೆ. ಸಾವಿರದೈನೂರು ವರ್ಷಗಳಷ್ಟು ಅಂತರವಿದ್ದರೂ ಕಲ್ಲು ಇಬ್ಬರು ಶಿಲ್ಪಿಗಳಿಗೂ ಒಂದೇ ಪಾಠವನ್ನು ಕಲಿಸಿತು.

ಪೌಲನು ಅರಿಯೊಪಾಗದಲ್ಲಿ ನಿಂತು, ಲೋಕವನ್ನು ಸೃಷ್ಟಿಸಿದ ದೇವರು ಕೈಯಿಂದ ಕಟ್ಟಿದ ಗುಡಿಗಳಲ್ಲಿ ವಾಸಿಸುವವನಲ್ಲ ಎಂದು ಸಾರಿದಾಗ (ಅ.ಕೃ. 17:24) ಪಾರ್ಥೆನಾನ್ ಅವನ ಕಣ್ಣೆದುರಿಗೇ ಇತ್ತು. ಕೊರಿಂಥದವರಿಗೆ ಬರೆಯುವಾಗ ಅವನು ಅದೇ ‘ನಾವೋಸ್’ ಪದವನ್ನು ತೆಗೆದುಕೊಂಡು ಕಟ್ಟಡದಿಂದ ಬಿಡಿಸಿ ಜನರ ಮೇಲೆ ಇಟ್ಟನು (1 ಕೊರಿಂಥ 3:16). ಸಭೆಯು ತನ್ನನ್ನು ಕರೆದುಕೊಂಡದ್ದು ‘ಎಕ್ಲೇಸಿಯ’ ಎಂದು. ಅದು ಗುಡಿಯ ಪದವಲ್ಲ, ಪೌರರ ಕೂಟದ ಪದ. ಅಥೇನೆಯ ಎಕ್ಲೇಸಿಯ ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಬಯಲಿನಲ್ಲಿ ಸೇರುತ್ತಿತ್ತು. ಆದರೆ ಅಲ್ಲಿ ಹೆಂಗಸರಿಗೂ ದಾಸರಿಗೂ ಪರದೇಶಿಗಳಿಗೂ ಸ್ಥಾನವಿರಲಿಲ್ಲ. ಅವರನ್ನೂ ಒಳಕ್ಕೆ ಕರೆದ ಕೂಟಕ್ಕೆ ಅದೇ ಹೆಸರನ್ನಿಟ್ಟದ್ದು ಆದಿಸಭೆಯ ಧೈರ್ಯ.

ಆ ಕೂಟಕ್ಕೆ ಬೇಕಾದದ್ದು ಒಳಜಾಗ. ಯೂಫ್ರೆಟಿಸ್ ತೀರದ ದೂರಾ ಯೂರೋಪಸ್ ಗ್ರೀಕರು ಸ್ಥಾಪಿಸಿದ ಪಟ್ಟಣ. ಅಲ್ಲಿ 3ನೆಯ ಶತಮಾನದ ಕ್ರೈಸ್ತರು ಒಂದು ಸಾಮಾನ್ಯ ಮನೆಯ ಎರಡು ಕೋಣೆಗಳ ನಡುಗೋಡೆಯನ್ನು ತೆಗೆದು ಒಂದು ಕೂಟದ ಕೋಣೆ ಮಾಡಿಕೊಂಡರು. ಕಾನ್‌ಸ್ಟಂಟೈನನ ನಂತರ ದೊಡ್ಡ ಕಟ್ಟಡಗಳು ಬೇಕಾದಾಗಲೂ ಸಭೆಯು ಮಾದರಿಯಾಗಿ ಹಿಡಿದದ್ದು ರೋಮನರ ನ್ಯಾಯ ಮತ್ತು ವ್ಯಾಪಾರಗಳ ಸಭಾಂಗಣವಾದ ಬಸಿಲಿಕವನ್ನು. ಗುಡಿಗಳೇ ಕೈಗೆ ಬಂದಾಗ ಏನಾಯಿತೆಂಬುದಕ್ಕೆ ಸಿಸಿಲಿಯ ಸಿರಾಕ್ಯೂಸ್ ಸಾಕ್ಷಿ. ಕ್ರಿ.ಪೂ. 5ನೆಯ ಶತಮಾನದ ಅಥೇನಾ ಗುಡಿಯನ್ನು ಕ್ರಿ.ಶ. 7ನೆಯ ಶತಮಾನದಲ್ಲಿ ಸಭಾಮಂದಿರವಾಗಿ ಮಾರ್ಪಡಿಸಿದವರು ಹೊರಗಿನ ಕಂಬಗಳ ನಡುವಣ ತೆರಪನ್ನು ಗೋಡೆಯಿಂದ ಮುಚ್ಚಿದರು. ಒಳಗಿನ ಗರ್ಭಗೃಹದ ಗೋಡೆಗಳನ್ನು ಕಮಾನು ಕಮಾನಾಗಿ ಕೊರೆದು ತೆರೆದರು. ಹೊರಗಿನಿಂದ ನೋಡುವ ಮನೆ ಒಳಗೆ ಕೂಡುವ ಮನೆಯಾಯಿತು. ಇಂದಿಗೂ ಆ ಮಹಾದೇವಾಲಯದ ಗೋಡೆಯೊಳಗೆ ಹಳೆಯ ಡೋರಿಕ್ ಕಂಬಗಳು ಕಾಣುತ್ತವೆ. ಕಂಬವನ್ನು ಸಭೆಯು ಕೆಡವಲಿಲ್ಲ. ಅದಕ್ಕೆ ಬೇರೆ ಕೆಲಸ ಕೊಟ್ಟಿತು.

ಒಳಜಾಗದ ಪ್ರಶ್ನೆಗೆ ಕಲಬುರಗಿಯಲ್ಲಿಯೇ ಒಂದು ಗಂಭೀರ ಉತ್ತರವಿದೆ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಪರ್ಷಿಯದ ಕಜ್ವೀನಿನ ರಫೀ ಎಂಬವನು ಅದರ ನಿರ್ಮಾತೃ. 216 ಅಡಿ ಉದ್ದ, 176 ಅಡಿ ಅಗಲದ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಕೂಟದ ಜಾಗವೆಲ್ಲವೂ ಗುಮ್ಮಟಗಳ ಕೆಳಗಿದೆ. ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತಿ ಹಿಡಿಯುವುದರಿಂದ ತೊಲೆಯ ಭಯವಿಲ್ಲ. ಅಂಚಿನ ಸಾಲುಗಳಲ್ಲಿ ಕಮಾನುಗಳು ಬಹಳ ಅಗಲವಾಗಿ, ತಗ್ಗಾಗಿ ಹರಡಿಕೊಂಡಿವೆ. ಬೇಸಗೆಯ ಮಧ್ಯಾಹ್ನ ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ನೆರಳೂ ಬದಿಯಿಂದ ಬರುವ ಬೆಳಕೂ ಇರುತ್ತವೆ. ಕಾರ್ಡೋವಾದ ಮಸೀದಿಯ ಅನುಕರಣೆ ಎಂಬ ಜನಜನಿತ ಮಾತನ್ನು ವಿದ್ವಾಂಸರು ಒಪ್ಪುವುದಿಲ್ಲ. ನಾವು ಗಮನಿಸಬೇಕಾದದ್ದು ಇಷ್ಟು: ಈ ಊರಿನ ಬಿಸಿಲಿನಲ್ಲಿ ಒಂದು ದೊಡ್ಡ ಕೂಟ ಒಂದೇ ಮಾಡಿನಡಿ ಹೇಗೆ ಸೇರಬೇಕೆಂದು 650 ವರ್ಷಗಳ ಹಿಂದೆಯೇ ಒಬ್ಬನು ಯೋಚಿಸಿದ್ದನು. ನೆರೆಯ ಧರ್ಮದವರ ಆ ಯೋಚನೆಯನ್ನು ಕೇಳಿ ತಿಳಿಯುವುದು ಸನ್ನತಿಯ ಶಾಸನದ ಮಾತಿಗೆ ಒಪ್ಪುವ ಕಾರ್ಯವೇ ಆಗಿದೆ.

ರೂಪ: ಕುರಿಮರಿ ಹೊತ್ತವನು

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1990ರ ದಶಕದಲ್ಲಿ ಅಗೆದು ತೆಗೆದ ಸ್ತೂಪದ ಫಲಕಗಳು ಈ ಭಾಗದ ಸುಣ್ಣಕಲ್ಲಿನಲ್ಲಿ ಕಡೆದವು. ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹದ ಕೆಳಗೆ ಅರಸನೂ ರಾಣಿಯರೂ ನಿಂತಿರುವ ಪ್ರಸಿದ್ಧ ಫಲಕ ಇಲ್ಲಿಯದು. ಹಲವು ಫಲಕಗಳಲ್ಲಿ ಬುದ್ಧನ ದೇಹವಿಲ್ಲ. ಬರಿದಾದ ಪೀಠ, ಪಾದಗಳು, ಬೋಧಿವೃಕ್ಷ, ಧರ್ಮಚಕ್ರಗಳಿವೆ. ಅದೇ ನೆಲೆಯಲ್ಲಿ ಮುಂದಿನ ಕಾಲದ ಬುದ್ಧಮೂರ್ತಿಗಳೂ ದೊರೆತಿವೆ.

ಕ್ರೈಸ್ತ ಕಲೆಯ ಆರಂಭವೂ ಹೀಗೆಯೇ ಸಂಕೇತಗಳಿಂದ ಆಯಿತು. 2ನೆಯ ಶತಮಾನದ ಕೊನೆಯಲ್ಲಿ ಅಲೆಕ್ಸಾಂದ್ರಿಯದ ಕ್ಲೆಮೆಂಟನು, ಕ್ರೈಸ್ತರ ಮುದ್ರೆಯುಂಗುರಗಳ ಮೇಲೆ ಪಾರಿವಾಳ, ಮೀನು, ಹಡಗು, ಲೈರ್ ವಾದ್ಯ, ಲಂಗರುಗಳಿರಲಿ ಎಂದು ಸೂಚಿಸಿದನು. ಅಂಗಡಿಯಲ್ಲಿ ಎಲ್ಲರಿಗೂ ಸಿಗುತ್ತಿದ್ದ ಗ್ರೀಕ್ ಚಿಹ್ನೆಗಳಿವು. ವಿಗ್ರಹಗಳ, ಖಡ್ಗ ಬಿಲ್ಲುಗಳ, ಮದ್ಯದ ಬಟ್ಟಲುಗಳ ಚಿತ್ರ ಬೇಡವೆಂದೂ ಅವನು ಹೇಳಿದನು. ಇದ್ದದ್ದರಲ್ಲಿ ಆರಿಸಿಕೊಳ್ಳುವುದು, ಆರಿಸುವಾಗ ಅದು ನಮ್ಮನ್ನು ಯಾವ ನಡತೆಗೆ ಕರೆಯುತ್ತದೆ ಎಂದು ಕೇಳುವುದು ಅವನ ವಿಧಾನವಾಗಿತ್ತು.

ಮನುಷ್ಯರೂಪ ಬಂದಾಗಲೂ ಅದು ಗ್ರೀಕರಿಂದಲೇ ಬಂತು. ಅಥೇನೆಯ ಅಕ್ರೊಪೊಲಿಸಿನಲ್ಲಿ ದೊರೆತ, ಸುಮಾರು ಕ್ರಿ.ಪೂ. 570ರ ಒಂದು ಶಿಲ್ಪದಲ್ಲಿ ಗಡ್ಡದ ಪುರುಷನೊಬ್ಬನು ಕರುವನ್ನು ಹೆಗಲ ಮೇಲೆ ಹೊತ್ತು ಅದರ ಕಾಲುಗಳನ್ನು ಎದೆಯ ಬಳಿ ಹಿಡಿದಿದ್ದಾನೆ. ಅವನು ಅದನ್ನು ಒಯ್ಯುತ್ತಿರುವುದು ಬಲಿಗೆ. ಟಗರನ್ನು ಹೊತ್ತ ಹೆರ್ಮೆಸ್ ದೇವತೆಯ ರೂಪವೂ ಪ್ರಚಾರದಲ್ಲಿತ್ತು. ರೋಮಿನ ಭೂಗತ ಸಮಾಧಿಗಳ ಛಾವಣಿಯಲ್ಲಿಯೂ ದೂರಾದ ದೀಕ್ಷಾಸ್ನಾನದ ಕೋಣೆಯಲ್ಲಿಯೂ ಕುರಿಯನ್ನು ಹೊತ್ತ ಇದೇ ಭಂಗಿ ಒಳ್ಳೆಯ ಕುರುಬನಾಗಿ ಕಾಣಿಸುತ್ತದೆ. ಭಂಗಿ ಒಂದೇ, ದಿಕ್ಕು ಬೇರೆ. ಅಲ್ಲಿ ಪಶು ಬಲಿಪೀಠಕ್ಕೆ ಹೋಗುತ್ತಿತ್ತು. ಇಲ್ಲಿ ತಪ್ಪಿಹೋದದ್ದು ಹಟ್ಟಿಗೆ ಮರಳುತ್ತಿದೆ, ಕುರುಬನೇ ಅದಕ್ಕಾಗಿ ತನ್ನ ಪ್ರಾಣವನ್ನು ಕೊಡುವವನು.

ಆ ಕುರುಬನಿಗೆ ಅವರು ತಮ್ಮ ಬೀದಿಯ ಗಿಡ್ಡ ಅಂಗಿಯನ್ನು ತೊಡಿಸಿದರು, ತಮ್ಮ ಊರಿನ ತರುಣನ ಮುಖವನ್ನು ಕೊಟ್ಟರು. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದ ಹೊಲಗಳಲ್ಲಿ ಕಂಬಳಿ ಹೊದ್ದ ಕುರಿಗಾರನು, ನಡೆಯಲಾರದ ಎಳೆಮರಿಯನ್ನು ಹೆಗಲಿಗೇರಿಸಿಕೊಂಡು ಹಿಂಡಿನ ಹಿಂದೆ ಹೋಗುವುದನ್ನು ಕಾಣದವರಿಲ್ಲ. ಆದರೂ ನಮ್ಮ ಮಂದಿರಗಳ ಗೋಡೆಯ ಮೇಲಿರುವ ಕುರುಬನು ಪರದೇಶದ ಹುಲ್ಲುಗಾವಲಿನಲ್ಲಿಯೇ ನಿಂತಿದ್ದಾನೆ.

ಹಾಡು: ವಾದ್ಯಕ್ಕೆ ಹತ್ತಿದ ಮೈಲಿಗೆ

ಗ್ರೀಕರು ಸಂಗೀತವನ್ನು ಎರಡು ರೀತಿಯಿಂದ ವಿಚಾರಿಸಿದರು. ಪಿಥಾಗೊರಸನ ಪರಂಪರೆಯವರು ಅದನ್ನು ಲೆಕ್ಕವಾಗಿ ಕಂಡರು: ತಂತಿಯನ್ನು ಅರ್ಧಕ್ಕೆ ಒತ್ತಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ, ಮೂರರಲ್ಲಿ ಎರಡು ಪಾಲಿಗೆ ಒತ್ತಿದರೆ ಪಂಚಮ. ಪ್ಲೇಟೊ ಮತ್ತು ಅರಿಸ್ಟಾಟಲ್ ಅದನ್ನು ನಡತೆಯ ದೃಷ್ಟಿಯಿಂದ ಕಂಡರು. ಒಂದೊಂದು ಸ್ವರಕ್ರಮವೂ ಮನಸ್ಸನ್ನು ಒಂದೊಂದು ಕಡೆಗೆ ಒಲಿಸುತ್ತದೆಂದು ನಂಬಿ, ಪ್ಲೇಟೊ ತನ್ನ ಆದರ್ಶ ರಾಜ್ಯದಲ್ಲಿ ಡೋರಿಯನ್ ಮತ್ತು ಫ್ರಿಜಿಯನ್ ಕ್ರಮಗಳನ್ನು ಮಾತ್ರ ಉಳಿಸಿಕೊಂಡನು. ಲೈರ್ ಇರಲಿ, ‘ಔಲೋಸ್’ ಎಂಬ ಜೋಡಿ ಊದುವಾದ್ಯ ಬೇಡ ಎಂದನು. ಅರಿಸ್ಟಾಟಲನೂ ಔಲೋಸನ್ನು ಶಿಕ್ಷಣದಿಂದ ಹೊರಗಿಟ್ಟನು. ಅವನ ಕಾರಣಗಳಲ್ಲಿ ಒಂದನ್ನು ನಾವು ಎಚ್ಚರದಿಂದ ಗಮನಿಸಬೇಕು: ಕೂಲಿಗಾಗಿ ಜನರೆದುರು ನುಡಿಸುವುದು ಸ್ವತಂತ್ರ ಪೌರನಿಗೆ ತಕ್ಕದ್ದಲ್ಲ, ಅದು ಕೀಳು ವೃತ್ತಿಯವರ ಕೆಲಸ ಎಂಬುದು.

ಸಭಾಪಿತೃಗಳೂ ಔಲೋಸನ್ನು ಒಪ್ಪಲಿಲ್ಲ. ಕ್ಲೆಮೆಂಟನು ಅದನ್ನು ದೂರವಿಟ್ಟದ್ದು ಅದು ಕುಡಿತದ ಔತಣಗಳ ವಾದ್ಯವಾಗಿದ್ದುದರಿಂದ. ಲೈರ್ ಮತ್ತು ಕಿಥಾರ ನುಡಿಸಿ ಹಾಡುವುದರಲ್ಲಿ ಅವನಿಗೆ ದೋಷ ಕಾಣಲಿಲ್ಲ. ಆಗಸ್ಟೀನನು ತನ್ನ ಆತ್ಮನಿವೇದನೆಯ 10ನೆಯ ಪುಸ್ತಕದಲ್ಲಿ, ಹಾಡಿನ ಅರ್ಥಕ್ಕಿಂತ ಇಂಪೇ ತನ್ನನ್ನು ಸೆಳೆಯುವಾಗ ಪಾಪಭೀತಿಯಿಂದ ನಡುಗಿ, ಕೊನೆಗೆ ಹಾಡು ಸಭೆಯಲ್ಲಿ ಉಳಿಯಲಿ ಎಂದು ತೀರ್ಮಾನಿಸುತ್ತಾನೆ. ಇಲ್ಲಿ ಎರಡು ಬಗೆಯ ತೀರ್ಪುಗಳಿವೆ. ವಾದ್ಯವು ಆರಾಧನೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡಿ ಹೇಳುವ ತೀರ್ಪು ಒಂದು. ನುಡಿಸುವವನ ಅಂತಸ್ತನ್ನು ನೋಡಿ ಹೇಳುವ ತೀರ್ಪು ಇನ್ನೊಂದು. ಮೊದಲನೆಯದಕ್ಕೆ ಸುವಾರ್ತೆಯಲ್ಲಿ ಆಧಾರವಿದೆ. ಎರಡನೆಯದು ಅರಿಸ್ಟಾಟಲನದು, ಅದು ಸಭೆಯೊಳಗೆ ನುಸುಳಿದರೆ ಎಕ್ಲೇಸಿಯ ಮತ್ತೆ ಪ್ನಿಕ್ಸ್ ಗುಡ್ಡದ ಕೂಟವಾಗುತ್ತದೆ.

ಈಜಿಪ್ಟಿನ ಆಕ್ಸಿರಿಂಕಸಿನ ಹಳೆಯ ಕಸದ ದಿಬ್ಬಗಳು ಈ ವಿಷಯದಲ್ಲಿ ಕನ್ನಡಿಗರಿಗೆ ವಿಶೇಷವಾದ ಎರಡು ಪಪೈರಸ್‌ಗಳನ್ನು ಉಳಿಸಿಕೊಟ್ಟಿವೆ. ಮೊದಲನೆಯದು 1903ರಲ್ಲಿ ಪ್ರಕಟವಾದ, 2ನೆಯ ಶತಮಾನದ ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಖಾರಿಟಿಯೋನ್ ಎಂಬ ಗ್ರೀಕ್ ಕನ್ಯೆಯ ಬಿಡುಗಡೆ ಅದರ ಕಥೆ. ಅದರಲ್ಲಿ ಭಾರತೀಯರು ಆಡುವ ಮಾತು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಷ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಚರ್ಚೆಯನ್ನು ಬೆಳೆಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಅದರ ಅಂಚಿನಲ್ಲಿ ಎಲ್ಲಿ ತಮಟೆ ಬಾರಿಸಬೇಕೆಂಬ ಗುರುತುಗಳಿವೆ. ಎರಡನೆಯದು 1922ರಲ್ಲಿ ಪ್ರಕಟವಾದ, 3ನೆಯ ಶತಮಾನದ ಕೊನೆಯ ಒಂದು ಕ್ರೈಸ್ತ ಸ್ತುತಿಗೀತೆ. ತ್ರಿತ್ವವನ್ನು ಸ್ತುತಿಸುವ ಅದರ ಸಾಲುಗಳ ಮೇಲೆ ಗ್ರೀಕ್ ಸ್ವರಲಿಪಿ ಇದೆ. ಸ್ವರಸಹಿತವಾಗಿ ಉಳಿದುಬಂದ ಅತಿ ಹಳೆಯ ಕ್ರೈಸ್ತ ಗೀತೆ ಇದೇ. ಅದನ್ನು ಬರೆದಿರುವುದು ಧಾನ್ಯದ ಲೆಕ್ಕ ಬರೆದಿದ್ದ ಹಾಳೆಯ ಹಿಂಬದಿಯಲ್ಲಿ. ಗ್ರೀಕರ ದೇವತೆಗಳನ್ನು ಹಾಡಿದ ಸ್ವರಕ್ರಮ, ಕಣದ ಲೆಕ್ಕದ ಹಾಳೆ, ತ್ರಿತ್ವದ ಸ್ತುತಿ, ಈ ಮೂರೂ ಅಲ್ಲಿ ಒಟ್ಟಿಗೆ ನಿಂತಿವೆ.

ಕಲಬುರಗಿ ಸೀಮೆಗೆ ಹಾಡಿನ ಬಡತನವಿಲ್ಲ. ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ತತ್ವಪದಗಳು ಏಕತಾರಿಯೊಡನೆ ಇಂದಿಗೂ ಹಳ್ಳಿಗಳಲ್ಲಿ ಕೇಳುತ್ತವೆ. ಗುರು ಶಿಷ್ಯರ ನಡುವೆ ಅಲ್ಲಿ ಜಾತಿಮತಗಳ ಅಡ್ಡಗೋಡೆ ನಿಲ್ಲಲಿಲ್ಲ. 1422ರಲ್ಲಿ ತೀರಿಕೊಂಡ ಬಂದೇನವಾಜರ ಚಿಶ್ತಿ ಪರಂಪರೆಯಲ್ಲಿಯೂ ಭಕ್ತಿಗೀತೆಯನ್ನು ಕೇಳುವುದು ಧರ್ಮಕ್ಕೆ ಸಲ್ಲುವುದೇ ಎಂಬ ವಾದ ನಡೆದು ಹಾಡು ಉಳಿಯಿತು. ಕನ್ನಡ ಕ್ರೈಸ್ತರಿಗೂ ಮಾದರಿ ಇಲ್ಲದಿಲ್ಲ: ಕಿಟ್ಟೆಲರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿದರು.

ನಮ್ಮ ಮುಂದಿರುವ ನಕ್ಷೆ

ಬೀದರ್ ಕಲಬುರಗಿ ಭಾಗದ ಹಳ್ಳಿ ಸಭೆಗಳಲ್ಲಿ ದಲಿತ ಸಮುದಾಯಗಳಿಂದ ಬಂದವರೇ ಹೆಚ್ಚು. ಹಲಗೆ ಅವರ ತಂದೆತಾತಂದಿರ ಕೈಯ ವಾದ್ಯ. ಊರಿನ ಸಾವಿಗೂ ಜಾತ್ರೆಗೂ ಅದನ್ನು ಬಾರಿಸಲೇಬೇಕೆಂಬ ಕಟ್ಟಳೆಯ ನೋವನ್ನು ಅವರು ಉಂಡಿದ್ದಾರೆ. ಆ ನೋವಿನಿಂದ ಬಿಡಿಸಿಕೊಳ್ಳಲು ಹಲಗೆಯನ್ನೇ ಬಿಡುವೆನೆನ್ನುವ ಹಿರಿಯನ ಮಾತನ್ನು ನಾವು ಹಗುರಾಗಿ ಕಾಣಲಾಗದು. ಆದರೆ ಅದು ಚರ್ಮದ್ದು, ಕೀಳು ಕುಲದ್ದು ಎಂಬ ಊರಿನ ಮಾತೇ ‘ಜಾತ್ರೆಯ ವಾದ್ಯ’ ಎಂಬ ಧಾರ್ಮಿಕ ಮಾತಿನ ವೇಷದಲ್ಲಿ ಒಳಬರುತ್ತಿದ್ದರೆ ಸಭಾಪಾಲಕನು ಅದನ್ನು ಗುರುತಿಸಬೇಕು. ಕಟ್ಟಳೆಗಾಗಿ ಬಾರಿಸಿದ ಕೈ ಸ್ವಂತ ಇಚ್ಛೆಯಿಂದ ಕರ್ತನಿಗೆ ಬಾರಿಸಿದರೆ ಅದು ಬಿಡುಗಡೆಯ ನಾದವಾಗಬಹುದು. ಆ ತೀರ್ಮಾನ ಬಾರಿಸುವವರದೇ ಆಗಿರಬೇಕು. ತರುಣನನ್ನು ಸುಮ್ಮನಾಗಿಸುವುದು ಉತ್ತರವಲ್ಲ.

ಕಂಬದ ವಿಷಯವೂ ಹಾಗೆಯೇ. ಸಿಮೆಂಟಿನ ಕಂಬದ ಮೇಲಿನ ಎಲೆ ಅಕಾಂಥಸ್ ಎಂಬ ಗಿಡದ್ದು. ಕೊರಿಂಥದ ಒಬ್ಬ ಹುಡುಗಿಯ ಸಮಾಧಿಯ ಮೇಲಿಟ್ಟ ಬುಟ್ಟಿಯ ಸುತ್ತ ಆ ಗಿಡ ಚಿಗುರಿದ್ದನ್ನು ಕಂಡು ಶಿಲ್ಪಿ ಕಲ್ಲಿಮಾಖಸನು ಈ ಬಗೆಯ ಕಂಬವನ್ನು ಕಲ್ಪಿಸಿದನೆಂದು ರೋಮನ್ ಲೇಖಕ ವಿಟ್ರೂವಿಯಸ್ ಹೇಳುತ್ತಾನೆ. ಗ್ರೀಕರು ತಮ್ಮ ಹಿತ್ತಿಲಿನ ಗಿಡವನ್ನು, ಅಥೇನೆಯ ಪಕ್ಕದ ಪೆಂಟೆಲಿಕಾನ್ ಬೆಟ್ಟದ ಕಲ್ಲನ್ನು ಬಳಸಿದರು. ಅವರ ಎಲೆಯನ್ನು ಅಚ್ಚಿನಲ್ಲಿ ಎರಕ ಹೊಯ್ದರೆ ಅವರನ್ನು ಅನುಸರಿಸಿದಂತಾಗುವುದಿಲ್ಲ. ಕಮಲಾಪುರದಲ್ಲಿ ಹಬ್ಬದ ದಿನ ಬಾಗಿಲಿಗೆ ಬಾಳೆಕಂಬ ಕಟ್ಟುತ್ತಾರೆ; ಶಹಾಬಾದಿನ ಫರಸಿ ಕಲ್ಲು ಕೈಗೆಟುಕುವ ದೂರದಲ್ಲಿದೆ.

ಕನ್ನಡದಲ್ಲಿ ನಾವು ಕಟ್ಟಡಕ್ಕೆ ದೇವಾಲಯ ಎನ್ನುತ್ತೇವೆ, ಜನರಿಗೆ ಸಭೆ ಎನ್ನುತ್ತೇವೆ. ಮೊದಲನೆಯ ಪದದಲ್ಲಿ ನಾವೋಸ್ ಇದೆ, ಎರಡನೆಯದರಲ್ಲಿ ಎಕ್ಲೇಸಿಯ. ಎರಡೂ ಪದಗಳು ನಮಗೆ ಬೇಕು. ಆದರೆ ಹಣ ಸಾಲದೆ ಒಂದನ್ನು ಆರಿಸಬೇಕಾದಾಗ ಪೌಲನು ಯಾವುದನ್ನು ಆರಿಸಿದನೆಂಬುದನ್ನು ನಾವು ಬಲ್ಲೆವು. ಆ ಹಳ್ಳಿಯ ಹಿರಿಯರ ಪ್ರಶ್ನೆಗೆ ಅಂದು ನಾವು ತಕ್ಕ ಉತ್ತರ ಕೊಡಲಿಲ್ಲ. ಇಂದು ಹೀಗೆ ಹೇಳಬಹುದೆಂದು ತೋರುತ್ತದೆ: ನಾಲ್ಕು ಕಂಬಗಳ ಹಣದಿಂದ ಒಳಜಾಗವನ್ನು ಇನ್ನಷ್ಟು ಅಗಲಿಸೋಣ, ಎರಡು ಬದಿಗೂ ದೊಡ್ಡ ಕಿಟಕಿಗಳನ್ನಿಡೋಣ. ಹಿಂದಿನ ಸಾಲಿನಲ್ಲಿ ಕೂತ ಮುದುಕಿಗೂ ವಾಕ್ಯ ಕೇಳಿಸಲಿ. ಒಳಗಿನ ಹಾಡು ಕಿಟಕಿಯಿಂದ ಬೀದಿಗೆ ಬಂದಾಗ ಅದು ಚರ್ಚ್ ಎಂದು ಮಂದಿಗೆ ತಿಳಿಯುತ್ತದೆ.